ಎರಡು ಮಿಲಿ ಬಿಳಿ

ಮಾರ್ಚ್ 3

ಪ್ರೀತಿಯ ಗುಂಡನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಹೇಗಿದ್ದೀಯ? ನಿಮ್ಮ ಹಡಗಿನ ಅಡುಗೆಯವ ಸಪ್ಪೆಯಣ್ಣನ ಸೊಂಟನೋವು ಹೇಗಿದೆ? ನಿಮ್ಮ ಹಿರಿಯ ಎಂಜಿನಿಯರ್ ದೊಡ್ಡ ಸಾಹೇಬರ ಮಂಡಿ ಮೆಟ್ಟಿಲು ಹತ್ತುವಾಗ ಈಗಲೂ ಕಟಕಟ ಅನ್ನುತ್ತದೆಯೇ? ಇಲ್ಲಿ ನಿನ್ನ ಅಮ್ಮನ ಕೆಮ್ಮು ಹೋಗಿದೆ, ನನ್ನನ್ನು ಬೈಯುವ ಶಕ್ತಿ ಪೂರ್ತಿ ವಾಪಸ್ ಬಂದಿದೆ. ಒಂದೇ ಮನೆಯಲ್ಲಿ ಇಬ್ಬರು ಅಕ್ಕತಂಗಿಯರು ಎಂದರೆ ರೇಡಿಯೋ ಬೇಕಾಗಿಲ್ಲ. ನಾನೂ ಚೆನ್ನಾಗಿದ್ದೇನೆ. ಬೆಳಗಿನ ಹೊತ್ತು ಬೆರಳ ತುದಿ ಸ್ವಲ್ಪ ಜೋಮು ಹಿಡಿದ ಹಾಗಿರುತ್ತದೆ, ಚಳಿಗೆ ಇರಬೇಕು.

ಪೆನ್ನು ಕಡೆಯಲು ನೀನು ಕೇಳಿದ ಅಕ್ರಿಲಿಕ್ ದಿಂಡುಗಳು ಈ ಪೊಟ್ಟಣದಲ್ಲಿವೆ. ಒಟ್ಟು ಏಳು. ಮೂರು ಕೆಂಪು-ಕಪ್ಪು, ನಾಲ್ಕು ನೀಲಿ-ಬಿಳಿ. ಕೆಂಪು-ಕಪ್ಪಿನಲ್ಲಿ ಕೈ ಪಳಗಿಸಿಕೋ. ಕೈ ಕೂತ ಮೇಲೆ ನೀಲಿ-ಬಿಳಿಯಲ್ಲಿ ಸಾಹೇಬರ ಪೆನ್ನು ಮಾಡು. ಏಪ್ರಿಲ್ ಹತ್ತಕ್ಕೆ ಅವರು ನಿವೃತ್ತರಾಗಿ ಇಳಿದು ಹೋಗುತ್ತಾರೆ ಎಂದು ಬರೆದಿದ್ದೆಯಲ್ಲ, ಅಷ್ಟರೊಳಗೆ ಸಾಕಷ್ಟು ಸಮಯ ಇದೆ. ಎಂಜಿನ್ ಕೋಣೆಯ ಲೇತಿನಲ್ಲಿ ಪೆನ್ನು ಕಡೆಯಲು ಬಿಡುವ ಸಾಹೇಬರು ಇನ್ನೊಬ್ಬರು ಸಿಗುವುದಿಲ್ಲ.

ಹೇಗೆ ಮಾಡಿದೆ ಎಂದು ಬರೆಯುತ್ತೇನೆ, ಮುಂದೆ ನೀನೇ ಮಾಡಿಕೊಳ್ಳಬೇಕಾಗುತ್ತದೆ. ಕೆಂಪು, ಕಪ್ಪು, ನೀಲಿ ಮೂರೂ ನಮ್ಮ ನಾಮಫಲಕದ ಅಂಗಡಿ ಮುಚ್ಚುವಾಗ ಉಳಿದ ಹಳೆಯ ಫಲಕಗಳ ಚೌಕಟ್ಟಿನದ್ದು, ಇಪ್ಪತ್ತು ಮಿಲಿ ದಪ್ಪ. ಬಿಳಿ ಮಾತ್ರ ಹೊಸ ಹಾಳೆ, ಎರಡು ಮಿಲಿ. ನೀಲಿ ಕಡ್ಡಿಯನ್ನು ಓರೆಯಾಗಿ ಕೊಯ್ದು, ನಡುವೆ ಬಿಳಿಯ ಚೂರು ಇಟ್ಟು ಮತ್ತೆ ಅಂಟಿಸುವುದು. ಕಡೆದಾಗ ನೀಲಿಯ ಸುತ್ತ ಬಿಳಿ ಉಂಗುರ ಓರೆಯಾಗಿ ಸುತ್ತಿಕೊಂಡು ಬರುತ್ತದೆ. ಹೊಳೆಯುವ ಮುಖಕ್ಕೆ ಅಂಟು ಕಚ್ಚುವುದಿಲ್ಲ, ಅದಕ್ಕೇ ಮೊದಲು ಉಪ್ಪುಕಾಗದದಿಂದ ಉಜ್ಜಿ ಮಬ್ಬು ಮಾಡಬೇಕು. ಎರಡು ಟ್ಯೂಬಿನ ಅಂಟನ್ನು ಸಮಸಮ ಬೆರೆಸಿ ಹಚ್ಚಿ, ಜರುಗದಂತೆ ಮೂಲೆ ಹಲಗೆಯಲ್ಲಿ ಕೂರಿಸಿ, ಕ್ಲಾಂಪ್ ಬಿಗಿದು, ಒಂದು ದಿನ ಪೂರ್ತಿ ಮುಟ್ಟದೆ ಬಿಡಬೇಕು. ಅಂಟಿನ ಕೆಲಸದಲ್ಲಿ ಅರ್ಧ ಪಾಲು ಸುಮ್ಮನಿರುವುದು.

ಎಲ್ಲಕ್ಕಿಂತ ಮೊದಲು ಸಿಪ್ಪೆ. ಹೊಸ ಹಾಳೆಗೆ ಗೀರು ಬೀಳದಿರಲಿ ಎಂದು ಎರಡೂ ಮುಖಕ್ಕೆ ಕಣ್ಣಿಗೆ ಕಾಣದಷ್ಟು ತೆಳ್ಳನೆ ಪ್ಲಾಸ್ಟಿಕ್ ಹೊದಿಸಿರುತ್ತಾರಲ್ಲ, ಅಂಗಡಿಯಲ್ಲಿ ಅದನ್ನು ಸಿಪ್ಪೆ ಎನ್ನುತ್ತಿದ್ದೆವು. ಒಂದು ಮುಖದ್ದು ಸುಲಿದು ಇನ್ನೊಂದು ಮರೆತವರನ್ನು ಮೂವತ್ತು ವರ್ಷ ಬೈದಿದ್ದೇನೆ. ಕಣ್ಣನ್ನು ನಂಬಬೇಡ. ತೋರುಬೆರಳ ತುದಿಯನ್ನು ಅಂಚಿನ ಮೇಲೆ ಎಳೆ, ಸಿಪ್ಪೆ ಇದ್ದರೆ ಬೆರಳಿಗೆ ತಡೆಯುತ್ತದೆ. ನನಗೆ ಯಾವ ಶಾಲೆಯೂ ಇದನ್ನು ಕಲಿಸಲಿಲ್ಲ, ಹಾಳು ಮಾಡಿದ ಫಲಕಗಳು ಕಲಿಸಿದವು.

ಮುಖಕವಚ ಹಾಕದೆ ಲೇತ್ ಚಾಲೂ ಮಾಡಬೇಡ. ಪೊಟ್ಟಣ ಕೈಸೇರಿದ ಕೂಡಲೇ ಬರಿ.

ನಿನ್ನ
ದೊಡ್ಡಮ್ಮ


ಮಾರ್ಚ್ 19

ದೊಡ್ಡಮ್ಮನಿಗೆ ನಮಸ್ಕಾರಗಳು.

ಪೊಟ್ಟಣ ನಿನ್ನೆ ಬಂದರಿನಲ್ಲಿ ಸಿಕ್ಕಿತು. ನಾಳೆ ಹೊರಡುತ್ತೇವೆ, ಮುಂದಿನ ಬಂದರು ಹದಿನೈದು ದಿನದ ದಾರಿ. ಅದಕ್ಕೇ ಈಗಲೇ ಬರೆದು ಇಲ್ಲಿಯೇ ಅಂಚೆಗೆ ಹಾಕುತ್ತಿದ್ದೇನೆ.

ತಡೆಯಲಾಗದೆ ನಿನ್ನೆಯೇ ಒಂದು ಕೆಂಪು-ಕಪ್ಪು ಕಡೆದೆ. ರೀಫಿಲ್ ಇಳಿಯುವ ಹಿತ್ತಾಳೆ ಕೊಳವೆ ಸ್ವಲ್ಪ ಪಕ್ಕಕ್ಕೆ ಕೂತಿದೆ, ಆದರೂ ಪೆನ್ನು ಪೆನ್ನಿನ ಹಾಗೇ ಇದೆ. ಸಾಹೇಬರು ಕೈಯಲ್ಲಿ ತಿರುಗಿಸಿ ನೋಡಿ, "ಇದನ್ನ ನೀನೇ ಕಡೆದಿದ್ದಾ, ಇಲ್ಲಾ ಬಂದರಲ್ಲಿ ಕೊಂಡ್ಕೊಂಡು ಬಂದು ನಮಗೆ ಟೋಪಿ ಹಾಕ್ತಿದ್ದೀಯಾ?" ಎಂದರು. ನಾನು, "ಕೊಂಡ್ಕೊಂಡಿದ್ರೆ ಕೊಳವೆ ನೆಟ್ಟಗಿರ್ತಿತ್ತು ಸಾರ್" ಎಂದೆ. ನಕ್ಕು, ಜೇಬಿಗೆ ಸಿಕ್ಕಿಸಿಕೊಂಡು, ವಾಪಸ್ ಕೊಡಲೇ ಇಲ್ಲ.

ಸಪ್ಪೆಯಣ್ಣನ ಸೊಂಟ ಪರವಾಗಿಲ್ಲ, ಅಡುಗೆ ಮಾತ್ರ ಹಾಗೇ ಇದೆ. ಉಪ್ಪು ಹಾಕಿ ಎಂದರೆ, "ಹೊರಗೆ ಅಷ್ಟು ದೊಡ್ಡ ಸಮುದ್ರ ಇದೆಯಲ್ಲಪ್ಪ" ಎನ್ನುತ್ತಾನೆ. ನೀನು ನಾಮಫಲಕ ಬರೆಯುತ್ತಿದ್ದವಳು ಎಂದು ಗೊತ್ತಾದಾಗಿನಿಂದ ನಿನ್ನ ಮೇಲೆ ಭಾರಿ ಗೌರವ. ಅವನೂ ಡಬ್ಬಿಗಳ ಮೇಲೆ ಹೆಸರು ಬರೆಯುವುದು ಮುತ್ತು ಪೋಣಿಸಿದ ಹಾಗೆ. ಅವನ ಕೈಬರಹದ ಒಂದು ಚೀಟಿ ಇದರೊಂದಿಗೆ ಇಟ್ಟಿದ್ದೇನೆ, ಅಂಕ ಕೊಡಬೇಕಂತೆ.

ಬರುವ ಭಾನುವಾರ ಮಧ್ಯಾಹ್ನ ಲೇತ್ ಬಿಡುವಾಗಿರುತ್ತದೆ. ಸಾಹೇಬರ ನೀಲಿ-ಬಿಳಿ ಅಂದೇ. ಕವಚದ ಬಗ್ಗೆ ನೀನು ಹೇಳಬೇಕಾಗಿಲ್ಲ. ಅಮ್ಮನಿಗೆ ಹೇಳು, ಚೆನ್ನಾಗಿದ್ದೇನೆ.

ನಿನ್ನ
ಗುಂಡ


ಮಾರ್ಚ್ 21

ಗುಂಡ,

ಇದು ಸಿಕ್ಕ ಕೂಡಲೇ ನೀಲಿ-ಬಿಳಿ ದಿಂಡು ನಾಲ್ಕನ್ನೂ ಪಕ್ಕಕ್ಕಿಡು. ಲೇತಿಗೆ ಹಾಕಬೇಡ, ಡ್ರಿಲ್ ಕೂಡ ಇಳಿಸಬೇಡ. ಕ್ಷೇಮ ಸಮಾಚಾರ ಆಮೇಲೆ.

ಅದೇ ಕಂತಿನಲ್ಲಿ ಮಾಡಿದ ಎಂಟನೆಯದನ್ನು ನಾನು ನನಗೆಂದು ಇಟ್ಟುಕೊಂಡಿದ್ದೆ. ಇವತ್ತು ಬೆಳಿಗ್ಗೆ ತೂತು ಕೊರೆಯಲು ಹಿಡಿದೆ. ಡ್ರಿಲ್ ಅರ್ಧ ಇಳಿದಿತ್ತು. ಪಟ್ ಎಂದು ಒಂದು ಸದ್ದು, ಅಷ್ಟೇ. ಬಿಳಿಯ ಪಕ್ಕದಲ್ಲೇ ಬಿಟ್ಟುಕೊಂಡು ಒಂದು ತುಂಡು ಸಿಡಿದು ಗೋಡೆ ಗಡಿಯಾರದ ಗಾಜು ಒಡೆಯಿತು. ನನ್ನ ಕಿವಿಯ ಪಕ್ಕದಲ್ಲಿ ಹೋದ ಗಾಳಿ ಇನ್ನೂ ಕೆನ್ನೆಯ ಮೇಲಿದೆ.

ನಿನ್ನ ಅಮ್ಮ ಅಡುಗೆಮನೆಯಿಂದ, "ಅಕ್ಕಾ, ಏನೇ ಅದು ಒಡೆದಿದ್ದು?" ಎಂದಳು. "ಡಬ್ಬಿ ಬಿತ್ತು" ಎಂದೆ. "ಡಬ್ಬಿ ಗಾಜಿನದ್ದಾ?" ಎಂದಳು. ಅವಳ ಕಿವಿ ನಿನಗೆ ಗೊತ್ತಲ್ಲ.

ಕಾರಣ ಅಂಟು. ಎರಡನೆಯ ಟ್ಯೂಬು ಹಳೆಯದಿತ್ತು, ಗಟ್ಟಿಯಾಗಿಸುವ ಶಕ್ತಿ ಹೋಗಿರಬೇಕು. ಕೆಂಪು-ಕಪ್ಪಿಗೆ ಬೇರೆ ಟ್ಯೂಬು, ಅದಕ್ಕೆ ಭಯವಿಲ್ಲ.

ನಿನಗೆ ಫೋನು ಮಾಡಿದೆ, ಸಮುದ್ರದಲ್ಲಿ ಸಿಗುವುದಿಲ್ಲ ಎಂದು ಗೊತ್ತಿದ್ದೂ ಮಾಡಿದೆ. ನಿಮ್ಮ ಕಂಪನಿಯ ಕಚೇರಿಗೆ ಮಾಡಿದೆ. ಗುಮಾಸ್ತ ಒಳ್ಳೆಯ ಮಾತಿನವನೇ.

"ತುರ್ತಾ ಅಮ್ಮಾ?"

"ತುರ್ತು."

"ಮನೇಲಿ ಯಾರಾದ್ರೂ ತೀರಿಕೊಂಡ್ರಾ?"

"ಇಲ್ಲಪ್ಪ. ಪೆನ್ನು ಮಾಡೋ ದಿಂಡು ಒಡೆಯುತ್ತೆ ಅಂತ ಹೇಳಬೇಕಿತ್ತು."

"ಅಮ್ಮಾ, ಸಾವು ಇಲ್ಲಾ ಆಸ್ಪತ್ರೆ ಆದ್ರೆ ಮಾತ್ರ ಹಡಗಿಗೆ ಸುದ್ದಿ ಕಳಿಸೋದು. ಪೆನ್ನಿನ ವಿಷಯ ಪತ್ರ ಬರೀರಿ, ಮುಂದಿನ ಬಂದರಿಗೆ ತಲುಪಿಸ್ತೀವಿ" ಎಂದ. ಯಾರೋ ಸತ್ತರು ಎಂದು ಹೇಳಿಬಿಡಬಹುದಿತ್ತು. ಫೋನಿಟ್ಟ ಮೇಲೆ ಹೊಳೆಯಿತು.

ಏನಾದರಾಗಲಿ, ಎರಡು ಸಾಲು ಬರಿ.

ದೊಡ್ಡಮ್ಮ


ಏಪ್ರಿಲ್ 2

ಗುಂಡ,

ನಿನ್ನ ಮಾರ್ಚ್ ಹತ್ತೊಂಬತ್ತರ ಪತ್ರ ಇವತ್ತು ಬಂತು. ಭಾನುವಾರ ಸಾಹೇಬರ ನೀಲಿ-ಬಿಳಿ ಎಂದು ಬರೆದಿದ್ದೀಯ. ಆ ಭಾನುವಾರ ಕಳೆದು ಹತ್ತು ದಿನವಾಯಿತು.

ಲೇತ್ ಕೆಟ್ಟಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಎಂಜಿನ್ನಿನಲ್ಲಿ ಏನಾದರೂ ತೊಂದರೆ ಬಂದು ನಿನಗೆ ಆ ದಿನ ಬಿಡುವೇ ಸಿಗದಿರಲಿ ಎಂದುಕೊಳ್ಳುತ್ತೇನೆ. ಹಡಗು ನಡುನೀರಿನಲ್ಲಿ ನಿಲ್ಲಲಿ ಎಂದು ಬಯಸಿದ ದೊಡ್ಡಮ್ಮ ನಾನೊಬ್ಬಳೇ ಇರಬೇಕು.

ಸಪ್ಪೆಯಣ್ಣನ ಅಕ್ಷರಕ್ಕೆ ಹತ್ತಕ್ಕೆ ಒಂಬತ್ತು. ದುಂಡಗಿದೆ, ಸಾಲು ನೆಟ್ಟಗಿದೆ.

ನಿನ್ನ ಅಮ್ಮನಿಗೆ ಏನೂ ಹೇಳಿಲ್ಲ. ಗಡಿಯಾರಕ್ಕೆ ಹೊಸ ಗಾಜು ಹಾಕಿಸಿದೆ. ಅವಳು ಸಮಯ ನೋಡುವ ಬದಲು ನನ್ನನ್ನು ನೋಡುತ್ತಾಳೆ. ಬರಿ, ಗುಂಡ.

ದೊಡ್ಡಮ್ಮ


ಏಪ್ರಿಲ್ 6

ದೊಡ್ಡಮ್ಮನಿಗೆ ನಮಸ್ಕಾರಗಳು.

ಬಂದರಿಗೆ ಬಂದಾಗ ನಿನ್ನ ಎಚ್ಚರಿಕೆಯ ಪತ್ರ ಕಾಯುತ್ತಿತ್ತು. ಪಾಪ, ಎಷ್ಟು ಹೆದರಿದ್ದೀಯ. ಹೆದರಬೇಡ. ನಿನ್ನ ಪತ್ರ ಬರುವ ಮೊದಲೇ ಸಾಹೇಬರ ಪೆನ್ನು ಆಗಿಹೋಗಿತ್ತು. ಒಂದು ಬಿರುಕೂ ಇಲ್ಲ. ನೀಲಿಯ ಮೇಲೆ ಬಿಳಿ ಗೆರೆ ಕೂದಲೆಳೆಯ ಹಾಗೆ ಬಂದಿದೆ. ಸಾಹೇಬರಿಗೆ ಕೊಟ್ಟಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಿನ್ನ ಟ್ಯೂಬು ನೀನು ಅಂದುಕೊಂಡಷ್ಟು ಹಳೆಯದಲ್ಲ ಬಿಡು. ಉಳಿದ ಮೂರನ್ನು ನೀನು ಹೇಳಿದಂತೆ ಪಕ್ಕಕ್ಕಿಟ್ಟಿದ್ದೇನೆ.

ಅಕ್ಷರ ಸೊಟ್ಟ ಇದ್ದರೆ ಬೈಯಬೇಡ, ಹಡಗು ತುಂಬಾ ಓಲಾಡುತ್ತಿದೆ. ಇನ್ನು ಮುಂದೆ ಪತ್ರವನ್ನು ಕಂಪನಿಯ ಕಚೇರಿಗೇ ಕಳಿಸು, ಅವರು ತಲುಪಿಸುತ್ತಾರೆ. ಅಮ್ಮನಿಗೆ ಚೆನ್ನಾಗಿದ್ದೇನೆ ಎಂದು ಹೇಳು.

ಗುಂಡ


ಏಪ್ರಿಲ್ 18

ಗುಂಡ,

ನಿನ್ನ ಪತ್ರವನ್ನು ಆರು ಸಲ ಓದಿದೆ. ಈಗ ನಾನು ಹೇಳುವುದನ್ನು ನೀನು ಒಂದು ಸಲ ಓದು.

ಬಂದರಿಗೆ ಕಟ್ಟಿದ ಹಡಗು ಅಷ್ಟು ಓಲಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇರಲಿ, ಓಲಾಡಿತು ಎಂದೇ ಇಟ್ಟುಕೊಳ್ಳೋಣ. ಒಳಗೆ ನಿನ್ನ ಸಾಲುಗಳು ಗೆರೆಯ ಮೇಲೆ ನಿಂತಿಲ್ಲ. ಒಂದು ಸಾಲಿನ ಬಾಲ ಇನ್ನೊಂದರ ತಲೆ ತುಳಿದಿದೆ. ಲಕೋಟೆಯ ಮೇಲಿನ ವಿಳಾಸ ಮಾತ್ರ ಮುತ್ತು ಪೋಣಿಸಿದ ಹಾಗಿದೆ. ಹತ್ತಕ್ಕೆ ಒಂಬತ್ತು ಕೊಟ್ಟ ಕೈಯನ್ನು ನಾನು ಮರೆಯುತ್ತೇನೆಯೇ? ಹಡಗು ಸಪ್ಪೆಯಣ್ಣನ ಕೈಯಲ್ಲಿ ಓಲಾಡದೆ ನಿನ್ನ ಕೈಯಲ್ಲಿ ಮಾತ್ರ ಯಾಕೆ ಓಲಾಡಿತು?

ಇನ್ನು ಬಿಳಿ ಗೆರೆ. ಕೂದಲೆಳೆಯ ಹಾಗೆ ಬಂತು ಎಂದು ಬರೆದೆ. ನಾನು ಇಟ್ಟದ್ದು ಎರಡು ಮಿಲಿ ಬಿಳಿ, ಅದೂ ಓರೆಗೆ. ಕಡೆದಾಗ ಅಕ್ಕಿಕಾಳಿಗಿಂತ ಅಗಲ ಕಾಣಬೇಕು. ಎರಡು ಮಿಲಿಯ ಕೂದಲು ಯಾವ ಪ್ರಾಣಿಗಿದೆ? ಆ ಪೆನ್ನನ್ನು ನೀನು ನೋಡಿಲ್ಲ, ಗುಂಡ. ಆ ಪೆನ್ನೇ ಇಲ್ಲ.

ಚಿಕ್ಕವನಿದ್ದಾಗ ಅಂಗಡಿಯಲ್ಲಿ ಏನಾದರೂ ಒಡೆದರೆ ಚೂರುಗಳನ್ನು ಬೆನ್ನ ಹಿಂದೆ ಹಿಡಿದುಕೊಂಡು, "ಎಲ್ಲಾ ಸರಿಯಾಗಿದೆ ದೊಡ್ಡಮ್ಮ" ಎನ್ನುತ್ತಿದ್ದೆ. ನಿನ್ನ ಕಾಗದ ಓದಿದಾಗ ಆ ದನಿಯೇ ಕೇಳಿಸಿತು.

ಯಾವ ಕಣ್ಣು? ಅಷ್ಟು ಬರಿ. ಎಡವೋ, ಬಲವೋ.

ದೊಡ್ಡಮ್ಮ


ಏಪ್ರಿಲ್ 29

ದೊಡ್ಡಮ್ಮ,

ಎಡ.

ಮಾರ್ಚ್ ಇಪ್ಪತ್ತಮೂರು, ಭಾನುವಾರ. ತೂತು ಕೊರೆದಾಗ ಏನೂ ಆಗಲಿಲ್ಲ, ವೈಸ್ ನಾಲ್ಕೂ ಕಡೆಯಿಂದ ಬಿಗಿಯಾಗಿ ಹಿಡಿದಿತ್ತು. ಲೇತಿಗೆ ಹಾಕಿ ಮೂಲೆಗಳು ಹೋಗಿ ದುಂಡಗಾಗುವವರೆಗೂ ಚೆನ್ನಾಗಿತ್ತು. ಬಿಳಿ ಕಾಣಿಸಲು ಶುರುವಾಯಿತು, ಉಳಿ ಸ್ವಲ್ಪ ಒತ್ತಿದೆ. ಆಮೇಲೆ ನಾನು ನೆಲದ ಮೇಲಿದ್ದೆ.

ಕವಚ ಕೊಕ್ಕೆಯಲ್ಲಿತ್ತು. ಎಂಜಿನ್ ಕೋಣೆಯ ಸೆಕೆಗೆ ಅದು ಒಳಗಿನಿಂದ ಮಂಜು ಕಟ್ಟುತ್ತದೆ, ಬಿಳಿ ಗೆರೆ ಸರಿಯಾಗಿ ಕಾಣಲಿ ಎಂದು ತೆಗೆದಿದ್ದೆ. ಸಪ್ಪೆಯಣ್ಣ ನನ್ನ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡು, "ಉಜ್ಜಬೇಡ ಕಣೋ, ಉಜ್ಜಿದ್ರೆ ಇನ್ನೊಂದು ಕಣ್ಣು ನಾನೇ ಕೀಳ್ತೀನಿ" ಎಂದು ಕೂಗಾಡುತ್ತಿದ್ದ. ಸಾಹೇಬರು ಕಟ್ಟು ಕಟ್ಟಿದರು. ಹನ್ನೆರಡು ದಿನ ಕ್ಯಾಬಿನ್ನಿನಲ್ಲಿ ಮಲಗಿದ್ದೆ. ಬಂದರಿನಲ್ಲಿ ಡಾಕ್ಟರು ಕರಿಗುಡ್ಡೆಯ ಮೇಲಿಂದ ಚೂರು ತೆಗೆದರು. ಹಡಗು ನನ್ನನ್ನು ಬಿಟ್ಟು ಹೊರಟುಹೋಯಿತು. ಈಗ ಕಂಪನಿಯವರ ನಾವಿಕರ ತಂಗುಮನೆಯಲ್ಲಿದ್ದೇನೆ. ಮೇಲಿನ ಮಹಡಿ, ಕಬ್ಬಿಣದ ಮಂಚ, ಕಿಟಕಿಯಿಂದ ಬರೀ ಕ್ರೇನುಗಳು ಕಾಣುತ್ತವೆ.

ಸಾಹೇಬರು ಹಡಗಿನ ದಿನಚರಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದರು: ಫಿಟ್ಟರ್ ಮುಖಕವಚ ಧರಿಸಿರಲಿಲ್ಲ. ಬರೆದದ್ದು ನಾನು ಕಡೆದ ಕೆಂಪು-ಕಪ್ಪು ಪೆನ್ನಿನಲ್ಲೇ. ಆಮೇಲೆ ಅದನ್ನೇ ಜೇಬಿಗೆ ಸಿಕ್ಕಿಸಿಕೊಂಡು, ನನ್ನ ಹೆಗಲು ತಟ್ಟಿ, ನಿವೃತ್ತರಾಗಿ ಹೋದರು.

ಮೇ ಇಪ್ಪತ್ತಕ್ಕೆ ಕಣ್ಣಿನ ಪರೀಕ್ಷೆ. ಪಾಸಾದರೆ ಮತ್ತೆ ಹಡಗು. ಇಲ್ಲವಾದರೆ ಇಲ್ಲ. ಈಗ ಎಡಗಣ್ಣಿಗೆ ಗೋಡೆಯ ಅಕ್ಷರಪಟ್ಟಿಯಲ್ಲಿ ಮೇಲಿನ ಮೂರು ಸಾಲು ಕಾಣುತ್ತದೆ, ಆರು ಬೇಕು. ಗಾಯ ನಡುವಿನಲ್ಲಿಲ್ಲ, ದಿನ ಕಳೆದಂತೆ ತಿಳಿಯಾಗಬಹುದು ಎನ್ನುತ್ತಾರೆ ಡಾಕ್ಟರು. ಆಗಬಹುದು ಎನ್ನುತ್ತಾರೆ, ಆಗುತ್ತದೆ ಎನ್ನುವುದಿಲ್ಲ.

ಇನ್ನೊಂದು ವಿಷಯ. ಹೇಳಬಾರದು ಎಂದಿದ್ದೆ. ಆದರೆ ಚೂರುಗಳನ್ನು ಬೆನ್ನ ಹಿಂದೆ ಹಿಡಿದವನು ನಾನೊಬ್ಬನೇ ಅಲ್ಲ ಅನ್ನಿಸುತ್ತಿದೆ.

ಟ್ಯೂಬು ಹಳೆಯದು ಎಂದು ನೀನು ಬರೆದೆ, ನಾನು ನಂಬಿದೆ. ಹೊಸ ಅಂಟು ಕೊಂಡುತಂದೆ. ಸಾಹೇಬರಿಗೆ ಕೊಟ್ಟ ಮಾತು ಉಳಿಯಲಿ, ಉಳಿದ ಮೂರನ್ನು ಬಿಡಿಸಿ ಅದೇ ತುಂಡುಗಳನ್ನು ಹೊಸ ಅಂಟಿನಲ್ಲಿ ಕೂರಿಸೋಣ ಎಂದುಕೊಂಡೆ. ಕಿಟಕಿಯ ಕಟ್ಟೆಯ ಮೇಲಿಟ್ಟು ಚಾಕುವಿನಿಂದ ಬಿಡಿಸಿದೆ. ಒಂದು ಕಣ್ಣಿಗೆ ಕಟ್ಟು, ಇನ್ನೊಂದಕ್ಕೆ ಆಯಾಸ, ಅದಕ್ಕೆ ನೀನು ಕಲಿಸಿದ ಹಾಗೆ ಬೆರಳಿನಿಂದಲೇ ನೋಡಿದೆ. ಅಂಚಿಗೆ ಬೆರಳು ತಡೆಯಿತು. ಉಗುರು ಹಾಕಿ ಎಳೆದೆ, ಸುಲಿದು ಬಂತು. ಅದನ್ನು ಈ ಕಾಗದದ ಮಡಿಕೆಯಲ್ಲಿ ಇಟ್ಟಿದ್ದೇನೆ. ಬೆಳಕಿಗೆ ಹಿಡಿದರೆ ನಿನ್ನ ಉಪ್ಪುಕಾಗದದ ಗೀರು ಅದರ ಮೇಲೆಯೇ ಕಾಣುತ್ತದೆ. ಅಂಟು ಕೆಟ್ಟಿರಲಿಲ್ಲ ದೊಡ್ಡಮ್ಮ. ಅದು ಸಿಪ್ಪೆಯನ್ನು ಹಿಡಿದುಕೊಂಡಿತ್ತು.

ಒಂದರಲ್ಲಿ ಇದ್ದಿದ್ದರೆ ಮರೆವು ಎಂದುಕೊಳ್ಳುತ್ತಿದ್ದೆ. ಮೂರರಲ್ಲೂ ಇದೆ. ಒಂದರಲ್ಲಿ ಈ ಮುಖ, ಇನ್ನೆರಡರಲ್ಲಿ ಆ ಮುಖ. ಅಂದರೆ ನೀನು ಒಂದೊಂದನ್ನೂ ಬೇರೆ ಬೇರೆಯಾಗಿ ಮುಟ್ಟಿ ನೋಡಿದ್ದೀಯ, ಒಂದೊಂದು ಸಲವೂ ನಿನ್ನ ಬೆರಳು ಇಲ್ಲ ಎಂದಿದೆ.

ನಿನ್ನ ಬೆರಳಿಗೆ ಏನಾಗಿದೆ?

ಗುಂಡ


ಮೇ 8

ಪ್ರೀತಿಯ ಗುಂಡನಿಗೆ,

ನಿನ್ನ ಎಡಗಣ್ಣು ಹೇಗಿದೆ? ಬಲಗಣ್ಣು ಹೇಗಿದೆ? ಸಪ್ಪೆಯಣ್ಣ ಈಗ ಯಾವ ನೀರಿನಲ್ಲಿದ್ದಾನೋ, ಅವನ ಸೊಂಟ ಚೆನ್ನಾಗಿರಲಿ, ನಿನ್ನ ತಲೆ ಹಿಡಿದುಕೊಂಡ ತೊಡೆ ಚೆನ್ನಾಗಿರಲಿ. ನಿನ್ನ ಅಮ್ಮ ಚೆನ್ನಾಗಿದ್ದಾಳೆ, ಎರಡು ದಿನದಿಂದ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ನಾನು ಚೆನ್ನಾಗಿಲ್ಲ.

ನೀನು ಕಳಿಸಿದ ಸಿಪ್ಪೆ ಬಂತು. ಮೇಜಿನ ಮೇಲೆ ಅದನ್ನು ಬೆರಳಿನಿಂದ ಎತ್ತಿಕೊಳ್ಳಲು ಹೋದೆ, ಎತ್ತಿದೆನೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಯಿತು. ಒಂದು ವರ್ಷದಿಂದ ಹೀಗೇ. ಸಕ್ಕರೆ ಕಾಯಿಲೆಗೆ ನರ ಸತ್ತಿದೆ ಎಂದರು ಡಾಕ್ಟರು. ಮೊದಲ ಸಲ ಹೋದಾಗ ಅವರು ಸೂಜಿ ಚುಚ್ಚಿ, "ಗೊತ್ತಾಗ್ತಿದೆಯಾ ಅಮ್ಮಾ?" ಎಂದರು. ನಾನು ಅವರ ಕೈ ನೋಡಿಕೊಂಡು, ಚುಚ್ಚಿದಾಗೆಲ್ಲ "ಗೊತ್ತಾಗ್ತಿದೆ" ಎಂದೆ. ಎರಡನೆಯ ಸಲ ನನ್ನ ಕಣ್ಣು ಮುಚ್ಚಿಸಿದರು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿನ್ನ ಅಮ್ಮ ಗರಗಸದ ಕೋಣೆಗೆ ಬೀಗ ಹಾಕುತ್ತಾಳೆ ಎಂದು ಗೊತ್ತಿತ್ತು. ಆ ಕೋಣೆ ಇಲ್ಲದೆ ಹಗಲೆಲ್ಲ ನಾನೇನು ಮಾಡಲಿ ಎಂದು ಹೆದರಿಕೆ.

ಮಾರ್ಚ್ ಇಪ್ಪತ್ತೊಂದರಂದೇ ನನಗೆ ಗೊತ್ತಾಗಿತ್ತು, ಗುಂಡ. ಗಡಿಯಾರದ ಕೆಳಗೆ ಬಿದ್ದ ತುಂಡಿನಿಂದ ಸಿಪ್ಪೆ ಅರ್ಧ ಎದ್ದು ನಿಂತಿತ್ತು. ಅದನ್ನು ಕಿತ್ತು ಕಸಕ್ಕೆ ಹಾಕಿ, ಕೂತು, ನಿನಗೆ ಟ್ಯೂಬು ಹಳೆಯದು ಎಂದು ಬರೆದೆ. ಆ ಗುಮಾಸ್ತನಿಗೆ ಸುಳ್ಳು ಹೇಳಲು ಹೊಳೆಯಲಿಲ್ಲ. ನಿನಗೆ ಹೇಳಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಅದನ್ನೇ ನಂಬಿ ನೀನು ಆ ತುಂಡುಗಳನ್ನೇ ಹೊಸ ಅಂಟಿನಲ್ಲಿ ಕೂರಿಸಿ, ಒಂದೇ ಕಣ್ಣಿಟ್ಟುಕೊಂಡು ಮತ್ತೆ ಲೇತಿನ ಮುಂದೆ ನಿಂತಿದ್ದರೆ? ಅಲ್ಲಿಂದ ಮುಂದಕ್ಕೆ ಯೋಚನೆ ಹೋಗುವುದಿಲ್ಲ, ಅಲ್ಲೇ ಸುತ್ತುತ್ತದೆ.

ಕವಚ ಹಾಕದ್ದು ನಿನ್ನ ತಪ್ಪು. ದಿಂಡು ಒಡೆದದ್ದು ನನ್ನ ತಪ್ಪು. ನಿನ್ನದನ್ನು ತೋರಿಸಿ ನನ್ನದನ್ನು ಮುಚ್ಚಬೇಡ. ನಿನಗೆ ಆ ಚಾಳಿ ಇದೆ.

ನಿನ್ನ ಪತ್ರವನ್ನು ನಿನ್ನ ಅಮ್ಮನಿಗೆ ಮೊನ್ನೆ ಓದಿ ಹೇಳಿದೆ. ಕಣ್ಣಿನ ವಿಷಯ, ಬೆರಳಿನ ವಿಷಯ, ಗಡಿಯಾರದ ವಿಷಯ, ಎಲ್ಲ. ಅವಳು ಅಳಲಿಲ್ಲ. "ಡಬ್ಬಿ ಅಂದ್ಯಲ್ಲ" ಎಂದಳು. ಆಮೇಲೆ, "ಬೆರಳಿಗೆ ಸ್ಪರ್ಶ ಹೋಗಿದ್ದು ದೇವರು ಮಾಡಿದ್ದು. ಬಾಯಿಗೆ ಏನಾಗಿತ್ತು ಅಕ್ಕಾ ನಿನಗೆ?" ಎಂದಳು. ಬೀಗ ಹಾಕಿದಳು, ಬೀಗದ ಕೈ ಸೆರಗಿನಲ್ಲಿದೆ. ಅಲ್ಲಿಂದ ಮಾತಿಲ್ಲ.

ನಿನ್ನೆ ಮಧ್ಯಾಹ್ನ ತಾನಾಗಿಯೇ ಬೀಗ ತೆಗೆದು, ಬಿಳಿ ಹಾಳೆ ಹೊರಗೆ ತಂದು ನನ್ನ ಮುಂದಿಟ್ಟಳು. ಎಲ್ಲಿ ಗೀರಬೇಕು ಎಂದು ಬಾಯಲ್ಲಿ ಕೇಳಲಿಲ್ಲ, ಚಾಕು ತೋರಿಸಿದಳು. ನಾನು ಹೇಳಿದೆ, ಅವಳು ಗೀರಿ ಮುರಿದಳು. ಅಂಚು ಸೊಟ್ಟಗಿದೆ, ಅವಳಿಗೆ ಹೇಳಬೇಡ. ನೀಲಿ ತುಂಡು ಮೊದಲೇ ಕೊಯ್ದಿಟ್ಟವು ಇದ್ದವು. ಎರಡು ನೀಲಿ, ನಡುವೆ ಇಡಲು ಒಂದು ಬಿಳಿ, ಬೇರೆ ಪೊಟ್ಟಣ ಕಟ್ಟಿ ಇದರೊಂದಿಗೆ ಕಳಿಸಿದ್ದೇನೆ. ಅಂಟಿಸಿಲ್ಲ. ಬಿಳಿಯ ಎರಡೂ ಮುಖದಲ್ಲಿ ಸಿಪ್ಪೆ ಇದೆ, ಬೇಕೆಂದೇ ಬಿಟ್ಟಿದ್ದೇನೆ. ಸುಲಿಯುವುದು ನೀನು. ಸುಲಿದ ಎರಡನ್ನೂ ನನಗೆ ಕಳಿಸು, ಎಣಿಸಿಕೊಳ್ಳುತ್ತೇನೆ. ಕಣ್ಣು ತಿಳಿಯಾಗುವವರೆಗೆ ಪೊಟ್ಟಣ ಬಿಚ್ಚಬೇಡ. ತಿಳಿಯಾಗದಿದ್ದರೂ ಒಂದು ದಿನ ಬಿಚ್ಚು, ಬೆರಳಿದೆಯಲ್ಲ ನಿನಗೆ.

ಇಪ್ಪತ್ತನೇ ತಾರೀಖು ನಾವಿಬ್ಬರೂ ಬೆಳಿಗ್ಗೆಯಿಂದ ಏನೂ ಮಾಡುವುದಿಲ್ಲ ಎಂದು ಈಗಲೇ ಗೊತ್ತಿದೆ. ಆರು ಸಾಲೂ ಕಂಡರೆ ಹಾಗೆಂದು ಬರಿ. ಐದೇ ಕಂಡರೆ ಐದೇ ಎಂದು ಬರಿ. ಅಕ್ಷರ ಸೊಟ್ಟ ಬಂದರೆ ಬರಲಿ, ಹಡಗಿನ ಮೇಲೆ ಹಾಕಬೇಡ.

ಬೇಗ ಬರಿ, ಗುಂಡ. ಅಂಚೆಯವನು ಬಂದಾಗ ಬಾಗಿಲಿಗೆ ಮೊದಲು ಓಡುವವಳು ನಿನ್ನ ಅಮ್ಮ, ಬಿಚ್ಚಿ ಓದುವವರೆಗೂ ಅವಳಿಂದ ಕಾಯಲಾಗುವುದಿಲ್ಲ. ಅದಕ್ಕೇ ಲಕೋಟೆಯ ಮೇಲಿನ ವಿಳಾಸವನ್ನೂ ನಿನ್ನ ಕೈಯಲ್ಲೇ ಬರಿ.

ನಿನ್ನ
ದೊಡ್ಡಮ್ಮ